ಫ್ಲಾರೆನ್ಸಿನಲ್ಲಿ ಕಂಬಳಿ ಗದ್ದುಗೆ

ಎಲ್ಲ ಅವಾಂತರಕ್ಕೂ ಕಾರಣ ಒಂದು ಕುರಿಮರಿ. ಅದೂ ಜೀವ ಇರುವ ಕುರಿಮರಿಯಲ್ಲ, ಕಲ್ಲಿನದು. ಇಟಲಿಯ ಫ್ಲಾರೆನ್ಸ್ ಎಂಬ ಊರಿನ ಗಲ್ಲಿಯೊಂದರ ಗೋಡೆಯ ಮೇಲೆ ಬಾವುಟ ಹಿಡಿದುಕೊಂಡು ತನ್ನ ಪಾಡಿಗೆ ತಾನು ನಿಂತಿತ್ತು. ದೊಡ್ಡಉಳ್ಳಾರ್ತಿಯ ಗಾದ್ರಪ್ಪ ಅದನ್ನು ನೋಡದೆ ಮುಂದೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಗಾದ್ರಪ್ಪ ಅಷ್ಟು ದೂರ ಹೋಗಿದ್ದು ಬರೀ ತಿರುಗಾಡುವುದಕ್ಕಲ್ಲ. ಕಂಬಳಿ ನೇಕಾರರ ಸಂಘದಿಂದ ಹನ್ನೆರಡು ಜನರನ್ನು ಕಳಿಸಿದ್ದರು. ಹಗಲೆಲ್ಲ ಊರು ನೋಡುವುದು, ಸಂಜೆ ಐದಕ್ಕೆ ಅಲ್ಲಿಯ ಉಣ್ಣೆಬಟ್ಟೆ ಕಂಪನಿಯ ಯಜಮಾನರಿಗೆ ಕಂಬಳಿ ತೋರಿಸುವುದು. ಅವರು ಮೆಚ್ಚಿ ಆರ್ಡರ್ ಕೊಟ್ಟರೆ ಉಳ್ಳಾರ್ತಿಯಲ್ಲಿ ಜೇಡ ಬಲೆ ಕಟ್ಟಿರುವ ಮಗ್ಗಗಳೆಲ್ಲ ಮತ್ತೆ ಸದ್ದು ಮಾಡುತ್ತವೆ. ತೋರಿಸಲು ತಂದಿದ್ದು ಒಂದೇ ಒಂದು ಕಂಬಳಿ, ಗಾದ್ರಪ್ಪ ತಾನೇ ಕೂತು ನೇಯ್ದದ್ದು. ಅದನ್ನು ಹೋಟೆಲಿನಲ್ಲಿ ಬಿಡಲು ಜೀವ ಒಪ್ಪದೆ ಹೆಗಲ ಮೇಲೆ ಹಾಕಿಕೊಂಡೇ ಹೊರಟಿದ್ದ.

ಮುಂದೆ ಕೆಂಪು ಛತ್ರಿ ಎತ್ತಿ ಹಿಡಿದ ಗೈಡ್ ಲೂಕಾ. ಅವನ ಇಂಗ್ಲಿಷನ್ನು ಕನ್ನಡ ಮಾಡಲು ಸಂಘದ ಆಫೀಸಿನ ದಿವ್ಯಾ. ಎಲ್ಲರಿಗಿಂತ ಹಿಂದೆ ಗಾದ್ರಪ್ಪ, ಅವನ ಹೆಂಡತಿ ಚಿನ್ನಕ್ಕ, ಮತ್ತೆ ಪಕ್ಕದ ಮನೆಯ ಪಾತಣ್ಣ. ಈ ಪಾತಣ್ಣ ಯಾರೂ ಕೇಳದಿದ್ದರೂ ಸಲಹೆ ಕೊಡುವ ಆಸಾಮಿ. ವಿಮಾನದಲ್ಲಿ ಗಗನಸಖಿಗೇ ಬೆಲ್ಟ್ ಹಾಕುವ ಕ್ರಮ ಹೇಳಿಕೊಟ್ಟವನು.

ಮೂಲೆ ತಿರುಗಿದ್ದೇ ತಡ, ಗಾದ್ರಪ್ಪನ ಕಾಲುಗಳು ಮುಂದಕ್ಕೆ ಬರಲೊಲ್ಲವು. ಬಿಳಿ, ಹಸಿರು, ತೆಳುಗೆಂಪು ಕಲ್ಲಿನ ಒಂದು ಗುಡಿ ಮುಗಿಲಿಗೆ ಎದ್ದು ನಿಂತಿತ್ತು. ಅದರ ನೆತ್ತಿಯ ಮೇಲೆ ಇಟ್ಟಿಗೆಯ ಗುಮ್ಮಟ, ಹತ್ತೂರಿನ ಶೇಂಗಾ ಹೊಟ್ಟನ್ನೆಲ್ಲ ಒಂದೇ ಬಣವೆ ಒಟ್ಟಿದ ಹಾಗೆ. ಕತ್ತು ಎತ್ತಿದ, ಇನ್ನೂ ಎತ್ತಿದ, ತಲೆಯ ರುಮಾಲು ಹಿಂದಕ್ಕೆ ಬಿತ್ತು. ಬಿದ್ದದ್ದು ಅವನಿಗೆ ಗೊತ್ತೇ ಆಗಲಿಲ್ಲ.

“ಚಿನ್ನಿ, ಇದನ್ನ ಮನುಷ್ಯರೇ ಕಟ್ಟಿದ್ದಾ?”

“ಹಂಗಂತ ಹೇಳ್ತೈತೆ ಆ ಹುಡುಗಿ,” ಎಂದಳು ಚಿನ್ನಕ್ಕ. ಅವಳ ಕಣ್ಣಲ್ಲಿ ನೀರಾಡುತ್ತಿತ್ತು. ರುಮಾಲು ಎತ್ತಿ ಗಂಡನ ಕೈಗೆ ಕೊಡುವಾಗಲೂ ಅವಳ ನೋಟ ಮೇಲೆಯೇ ಇತ್ತು.

ಲೂಕಾ ಏನೋ ಹೇಳಿದ. ದಿವ್ಯಾ ಕನ್ನಡ ಮಾಡಿದಳು. “ಆರುನೂರು ವರ್ಷದ ಹಿಂದೆ ಇದರ ಕೆಲಸದ ಉಸ್ತುವಾರಿ ನೋಡಿಕೊಂಡಿದ್ದು ರಾಜ ಅಲ್ಲವಂತೆ ಗಾದ್ರಪ್ಪಣ್ಣ. ಇಲ್ಲಿನ ಉಣ್ಣೆಯವರ ಸಂಘವಂತೆ.”

ಗಾದ್ರಪ್ಪ ಅವಳ ಮುಖವನ್ನೇ ನೋಡಿದ. “ಉಣ್ಣೆಯೋರಾ? ಅಂದ್ರೆ ನಮ್ಮೋರಾ?”

“ಒಂಥರಾ ನಿಮ್ಮೋರೇ.”

ಆಮೇಲೆ ಲೂಕಾ ಆ ಸಂಘದ ಹಳೆಯ ಕಟ್ಟಡಕ್ಕೆ ಕರೆದುಕೊಂಡು ಹೋದ. ಅಲ್ಲಿತ್ತು ನೋಡಿ, ಮೇಲೆ ಹೇಳಿದ ಕುರಿಮರಿ. ಉಣ್ಣೆಯವರ ಗುರುತು ಅದೇ ಎಂದು ತಿಳಿದಾಗ ಗಾದ್ರಪ್ಪನಿಗೆ ಮೈಯೆಲ್ಲ ಜುಮ್ಮೆಂದಿತು. ಊರಲ್ಲಿ ಕುರಿ ಕಾಯುವವ, ಕಂಬಳಿ ನೇಯುವವ ಎಂದು ಮೂಗು ಮುರಿಯುವ ಜನರನ್ನು ಹುಟ್ಟಿದಾಗಿನಿಂದ ಕಂಡಿದ್ದ. ಇಲ್ಲಿ ಅಂಥವರು ಮುಗಿಲು ಮುಟ್ಟುವ ಗುಡಿಯನ್ನೇ ಎಬ್ಬಿಸಿದ್ದಾರೆ. ಕೈಮುಗಿದು ಸುಮ್ಮನೆ ಹೋಗಲು ಅವನಿಗೆ ಮನಸ್ಸಾಗಲಿಲ್ಲ.

ಉಳಿದವರೆಲ್ಲ ಛತ್ರಿಯ ಹಿಂದೆ ಮುಂದಕ್ಕೆ ಹೋದರು, ಪಾತಣ್ಣ ಮಾತ್ರ ಇವರ ಜೊತೆ ನಿಂತ. ಗಾದ್ರಪ್ಪ ಹೆಗಲಿನ ಕಂಬಳಿ ತೆಗೆದು, ಮಡಿಸಿ, ಕುರಿಮರಿಯ ಕೆಳಗೆ ಕಲ್ಲುಹಾಸಿನ ಮೇಲೆ ಹಾಸಿದ. ಕಂಬಳಿ ಗದ್ದುಗೆ ಎಂದರೆ ಅವರಲ್ಲಿ ದೇವರನ್ನು ಕೂರಿಸುವ ಜಾಗ. ಸೊಂಟದ ಚೀಲದಿಂದ ಚಿಟಿಕೆ ಭಂಡಾರದ ಅರಿಸಿನ ತೆಗೆದು ಹಾಕಿದ. ಚಿನ್ನಕ್ಕ ಒಣಗಿ ಮುದುಡಿದ್ದ ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟಳು. ಇಬ್ಬರೂ ಚಪ್ಪಲಿ ಬಿಟ್ಟು ಕಣ್ಣು ಮುಚ್ಚಿದರು. ಸುತ್ತ ಜನ ಸೇರಿ ಫೋಟೋ ತೆಗೆಯತೊಡಗಿದರು.

ಆ ಊರಿನಲ್ಲಿ ಬೀದಿಯ ಮೇಲೆ ಬಟ್ಟೆ ಹಾಸಿ ವ್ಯಾಪಾರ ಮಾಡುವುದು ಅಪರಾಧ. ಅದು ಪಾಪ ಇವರಿಗೇನು ಗೊತ್ತು? ಗುಂಪು ಕಂಡು ಇಬ್ಬರು ಪೊಲೀಸರು ಬಂದರು, ಒಬ್ಬ ಗಂಡಸು, ಒಬ್ಬಳು ಹೆಂಗಸು. ಇಸ್ತ್ರಿ ಮಾಡಿದ ಬಟ್ಟೆ, ಹೊಳೆಯುವ ಗುಂಡಿ ನೋಡಿದ ಪಾತಣ್ಣ, ಕಂಪನಿಯವರೇ ಮುಂಚಿತವಾಗಿ ಬಂದರೆಂದು ತಿಳಿದ.

ಪೊಲೀಸಮ್ಮ ಕಂಬಳಿಯ ಕಡೆ ಕೈ ತೋರಿಸಿ, “ಸೇಲ್?” ಎಂದಳು.

“ಯೆಸ್ ಮೇಡಂ, ಸೇಲ್,” ಎಂದ ಪಾತಣ್ಣ ಹಲ್ಲು ಕಿರಿದು. “ಹಂಡ್ರೆಡ್ ಪೀಸ್. ಬೇಕಂದ್ರೆ ಟೂ ಹಂಡ್ರೆಡ್.”

ಕಣ್ಣು ಬಿಟ್ಟಾಗ ಗಾದ್ರಪ್ಪನ ಮುಂದೆ ಗದ್ದುಗೆ ಇರಲಿಲ್ಲ. ಕಂಬಳಿ ಪೊಲೀಸಪ್ಪನ ಕಂಕುಳಲ್ಲಿತ್ತು. ಅದರ ಒಂದು ತುದಿ ಹಿಡಿದುಕೊಂಡು ಬರಿಗಾಲಲ್ಲೇ ಅವನ ಹಿಂದೆ ಓಡಿದ. “ಸ್ವಾಮಿ, ಇದೊಂದೇ ಐತೆ ಸ್ವಾಮಿ. ಸಂಜೀಗೆ ತೋರಿಸ್ಬೇಕು. ಊರಿಗೆ ಹೆಂಗೆ ಮುಖ ತೋರಿಸ್ಲಿ?”

ಪಾತಣ್ಣ ಹಿಂದಿನಿಂದ, “ಎಳೀಬೇಡ ಲೇ, ಗಿರಾಕಿ ಬೇಜಾರಾಗ್ತಾರೆ,” ಎನ್ನುತ್ತಿದ್ದ.

ಅಷ್ಟರಲ್ಲಿ ದಿವ್ಯಾ, ಲೂಕಾ ಏದುಸಿರು ಬಿಡುತ್ತ ಬಂದರು. ದಿವ್ಯಾ ಹೇಳಿದಳು, ಲೂಕಾ ಇಟಾಲಿಯನ್ ಮಾಡಿದ. ಇದು ಮಾರುವ ಸರಕಲ್ಲ, ಇದು ದೇವರ ಆಸನ, ಇದನ್ನು ಚಪ್ಪಲಿ ಕಾಲಿನಿಂದ ಯಾರೂ ತುಳಿಯುವುದಿಲ್ಲ, ಇವರು ನಿಮ್ಮೂರಿನ ಉಣ್ಣೆಯವರಿಗೆ ಮರ್ಯಾದೆ ಮಾಡುತ್ತಿದ್ದರು. ಪೊಲೀಸಮ್ಮ ಗೋಡೆಯ ಕುರಿಮರಿಯನ್ನು ನೋಡಿದಳು, ಗಾದ್ರಪ್ಪನ ಬರಿಗಾಲನ್ನು ನೋಡಿದಳು. ಟೋಪಿ ತೆಗೆದು, ಕಂಬಳಿಯ ಧೂಳು ಕೊಡವಿ, ಎರಡೂ ಕೈಯಲ್ಲಿ ವಾಪಸು ಕೊಟ್ಟಳು. ಗಾದ್ರಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಅಲ್ಲೇ ಅತ್ತುಬಿಟ್ಟ.

ಕಂಪನಿಗೆ ಹೋಗುವ ಬಸ್ಸಿನಲ್ಲಿ ಪಾತಣ್ಣ ಅವನ ಪಕ್ಕದಲ್ಲೇ ಬಂದು ಕೂತ.

“ನೋಡಿದ್ಯೇನ್ಲೇ, ಪೊಲೀಸ್ರೇ ಕರಗಿ ನೀರಾಗಿ ಹೋದ್ರು. ಆ ಯಜಮಾನಪ್ಪನ ಮುಂದೆ ಬರೀ ಕಂಬಳಿ ಬಿಚ್ಚಿದ್ರೆ ಏನ್ ಬಂತು? ಗದ್ದುಗೆ ಹಾಕು. ಎಲ್ಲಾ ಬಿಡಿಸಿ ಹೇಳ್ಸು. ಎರಡು ಪಟ್ಟು ಆರ್ಡರ್ ಕೊಡ್ತಾನೆ.”

ಜೀವಮಾನದಲ್ಲಿ ಮೊದಲ ಸಲ ಪಾತಣ್ಣನ ಮಾತು ಗಾದ್ರಪ್ಪನಿಗೆ ಸರಿ ಅನಿಸಿತು.

ಯಜಮಾನರು ಬೆಳ್ಳಿಗೂದಲಿನ ಮುದುಕರು. ಗಾದ್ರಪ್ಪ ಅವರ ಆಫೀಸಿನ ನೆಲದ ಮೇಲೆ ಗದ್ದುಗೆ ಹಾಸಿದ, ಭಂಡಾರ ಹಾಕಿದ, ವೀಳ್ಯ ಇಟ್ಟ. ದಿವ್ಯಾ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು, ಈ ಸಲ ಇನ್ನಷ್ಟು ಚೆನ್ನಾಗಿ. ಮುದುಕರು ಬೂಟು ಬಿಚ್ಚಿದರು. ಮಂಡಿಯೂರಿ ಕೂತು ಉಣ್ಣೆಯನ್ನು ಬೆರಳಲ್ಲಿ ಸವರಿದರು. ಕೊನೆಗೆ ಕಂಬಳಿಯ ಮೇಲೆ ಅಂಗೈ ಊರಿ, ಗಾದ್ರಪ್ಪನನ್ನೇ ನೋಡುತ್ತ ಇಂಗ್ಲಿಷಿನಲ್ಲೇ ಏನೋ ಕೇಳಿದರು.

ವ್ಯಾಪಾರ ಕುದುರಿತು ಎನ್ನಲು ಇನ್ನೇನು ಬೇಕು? ಗಾದ್ರಪ್ಪ ಅವರ ಕೈಮೇಲೆ ತನ್ನ ಕೈಯಿಟ್ಟ.

“ಆಗ್ಲಿ ಸ್ವಾಮಿ. ಗದ್ದುಗೆ ಮುಟ್ಟಿ ಹೇಳ್ತೀನಿ, ಮಾತಿಗೆ ತಪ್ಪಲ್ಲ.”

ಮುದುಕರು ಅವನನ್ನು ತಬ್ಬಿಕೊಂಡರು. ಪಾತಣ್ಣ ಚಪ್ಪಾಳೆ ತಟ್ಟಿದ. ದಿವ್ಯಾ ಮಾತ್ರ ಗೋಡೆ ಹಿಡಿದುಕೊಂಡಳು.

“ಗಾದ್ರಪ್ಪಣ್ಣ, ನಾನು ಹೇಳೋ ತನಕ ತಡೀಬಾರದಿತ್ತಾ?”

“ಯಾಕ್ ತಾಯಿ, ಎಷ್ಟು ಬೇಕಂತೆ?”

“ಒಂದೂ ಬೇಡವಂತೆ. ದೇವರು ಕೂರೋ ವಸ್ತುನ ಅಂಗಡೀಲಿಟ್ಟು ಮಾರೋ ಪಾಪ ನಾನು ಮಾಡಲ್ಲ, ನೀವೂ ಇನ್ಮೇಲೆ ಯಾರಿಗೂ ಮಾರಲ್ಲ ಅಂತ ಮಾತು ಕೊಡಿ ಅಂದ್ರು. ನೀವು ಕೊಟ್ಟೇಬಿಟ್ರಿ.”

ಗದ್ದುಗೆ ಮುಟ್ಟಿ ಆಡಿದ ಮಾತನ್ನು ಉಳ್ಳಾರ್ತಿಯಲ್ಲಿ ಇವತ್ತಿನವರೆಗೆ ಯಾರೂ ಹಿಂದಕ್ಕೆ ತೆಗೆದುಕೊಂಡವರಿಲ್ಲ. ಗಾದ್ರಪ್ಪ ತನ್ನ ಅಂಗೈಯನ್ನೇ ನೋಡುತ್ತ ನಿಂತ.

ಮೊದಲು ಬಾಯಿ ಬಿಟ್ಟವನು ಪಾತಣ್ಣನೇ. “ಹಂಗಾರೆ ಊರಿಗೆ ಹೋಗಿ ಏನ್ ಮಾಡಾದು? ನೇಯಾದೋ ಬ್ಯಾಡ್ವೋ?”

ಚಿನ್ನಕ್ಕ ಕಂಬಳಿ ಮಡಿಸಿ ಗಂಡನ ಹೆಗಲ ಮೇಲೆ ಹಾಕಿದಳು.

“ನೇಯ್ರಿ, ಯಾರ್ ಬ್ಯಾಡ ಅಂದ್ರು? ಒಬ್ಬೊಬ್ರು ಒಂದೊಂದು ನೇಯ್ದು ಮುಂದಿಟ್ಕಂಡು ಕೈಮುಗ್ಕಂಡು ಕುಂತ್ಕಳ್ರಿ.”