ಪೂರ್ವಕ್ಕೆ ಪಕ್ಕದ ಮನೆಯ ಅಡುಗೆಮನೆ

ಇಪ್ಪತ್ತೆರಡು ವರ್ಷದಿಂದ ಮಕ್ಕಳ ತಪ್ಪುಗಳ ಮೇಲೆ ಕೆಂಪು ಶಾಯಿ ಸುರಿಯುತ್ತಾ ಬಂದವಳು ನಾನು. ಮಳವಳ್ಳಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಡಂ. ಮದುವೆಯ ಕರೆಯೋಲೆ ಕೈಗೆ ಬಂದರೆ ಗಂಡು ಯಾರು, ಹೆಣ್ಣು ಯಾರು ಎಂದು ನೋಡುವ ಮೊದಲು ಮಹಾಪ್ರಾಣ ಬಿಟ್ಟುಹೋಗಿದೆಯೇ ಎಂದು ಹುಡುಕುತ್ತೇನೆ. ಇಂಥ ನಾನು, ನನ್ನದೇ ಮನೆಯ ಪತ್ರದಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿದ್ದನ್ನು ಎರಡು ವರ್ಷ ನೋಡಲಿಲ್ಲ.

ಮದ್ದೂರಿನ ಈ ಮನೆ ನನ್ನ ಮತ್ತು ನನ್ನ ಗಂಡನ ಹೆಸರಿನಲ್ಲಿತ್ತು. ವಿಚ್ಛೇದನವಾದಾಗ ಅವರು ತಮ್ಮ ಹಕ್ಕನ್ನು ನನಗೆ ಬರೆದುಕೊಟ್ಟು ಮಂಡ್ಯ ಸೇರಿದರು. ಮೊನ್ನೆ ತಾರಸಿಯ ಮೇಲೊಂದು ಕೋಣೆ ಕಟ್ಟಿಸೋಣವೆಂದು ಪರವಾನಗಿ ಕೇಳಲು ಪುರಸಭೆಗೆ ಹೋದರೆ, ಪತ್ರವೇ ಸರಿಯಿಲ್ಲವೆಂದರು. ಪತ್ರ ಬರೆದಿದ್ದ ಹಿರಿಯರ ಬಳಿಗೆ ಓಡಿದೆ. ಅವರು ಕನ್ನಡಕ ಏರಿಸಿ, ಮನೆಯ ನಾಲ್ಕು ದಿಕ್ಕಿನ ವಿವರ ಓದಿ ನಕ್ಕೇಬಿಟ್ಟರು. “ಈ ಕಾಗ್ದದ ಪ್ರಕಾರ ನೀವು ಮುಂಬಾಗ್ಲು ತಗುದ್ರೆ ಪಕ್ಕದ ಮನೆಯೋರ ಅಡುಗೆಮನೆ ಕಣವ್ವ!”

“ಬರೆದವರು ನೀವೇ ಅಲ್ಲವಾ?” ಎಂದೆ.

“ನಾನೇ ಬರುದ್ದು. ಓದಿ ನೋಡಿ ಅಂತ ನಿಮ್ ಕೈಗೇ ಕೊಟ್ಟಿದ್ನಲ್ಲ? ಈಗ ತಿದ್ದುಪಡಿ ಪತ್ರಕ್ಕೆ ಇಬ್ರೂ ಬಂದು ಸೈನ್ ಹಾಕ್ಬೇಕು. ಅವ್ರು ಬರಾಕಿಲ್ಲ ಅಂದ್ರೆ ಕೋರ್ಟೇ ಗತಿ.”

ಎರಡು ವರ್ಷದ ಮೇಲೆ ಫೋನು ಮಾಡಬೇಕು. ‘ರೀ’ ಎನ್ನುವ ಹಕ್ಕು ಹೋಗಿತ್ತು, ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ. ‘ಹಲೋ’ ಎಂದೆ. ವಿಷಯ ಕೇಳಿ ಅವರು, “ಸೋಮವಾರ ಬತ್ತೀನಿ ಬುಡು” ಎಂದರು. ಜಗಳಕ್ಕೆಂದು ಜೋಡಿಸಿಟ್ಟುಕೊಂಡಿದ್ದ ನಾಲ್ಕು ವಾಕ್ಯ ದಂಡವಾದವು. ಶುರುವಾಯಿತು ನೋಡಿ ನನ್ನ ಕುತೂಹಲ. ದಪ್ಪಗಾಗಿರಬಹುದೇ? ಅಂಗಿಗೆ ಇಸ್ತ್ರಿ ಯಾರು ಮಾಡುತ್ತಾರೆ? ಸೋಮವಾರ ನಾನೇಕೆ ರೇಷ್ಮೆ ಸೀರೆ ಉಟ್ಟೆ ಎಂದು ಮಾತ್ರ ಕೇಳಬೇಡಿ. ಉಳಿದವನ್ನೆಲ್ಲ ಒಗೆಯಲು ಹಾಕಿದ್ದೆ.

ಅವರು ದಪ್ಪಗಾಗಿರಲಿಲ್ಲ. ಅಂಗಿಗೆ ಇಸ್ತ್ರಿಯೂ ಆಗಿತ್ತು. ಯಾಕೋ ಅದು ನನಗೆ ಸಮಾಧಾನ ಕೊಡಲಿಲ್ಲ. ನೋಂದಣಿ ಕಚೇರಿಯ ಬೆಂಚಿನ ಮೇಲೆ ಹೊಸ ಪತ್ರವನ್ನು ನಾಲ್ಕನೇ ಸಲ ಓದುತ್ತಿದ್ದಾಗ ಅವರು ಮೆಲ್ಲಗೆ ಕೇಳಿದರು: “ಆವತ್ತು ಓದ್ಲಿಲ್ವಾ?”

“ಅಕ್ಷರವೇ ಕಾಣ್ತಿರಲಿಲ್ಲ. ಅಳ್ತಿರೋದು ನಿಮಗೆ ಗೊತ್ತಾಗಬಾರದು ಅಂತ ಸುಮ್ಮನೆ ಹಾಳೆ ತಿರುವಿದೆ. ನೀವು?”

“ನೀನು ಓದ್ತಿದ್ದಲ್ಲ ಅಂತ್ಲೇ ನಾನು ಓದ್ಲಿಲ್ಲ ಕಣೆ. ನಿನ್ ಕಣ್ ತಪ್ಪಿಸ್ಕಂಡು ತಪ್ಪು ಎಲ್ಲಿಗೆ ಓಯ್ತದೆ ಅಂದ್ಕಂಡೆ.”

ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವರು ಒಮ್ಮೆಯೂ ನನ್ನನ್ನು ಹೊಗಳಿದವರಲ್ಲ. ಈಗ ಹೊಗಳಿದರು, ಅದೂ ನಾನು ಮಾಡದೆ ಬಿಟ್ಟ ಕೆಲಸಕ್ಕೆ.

ಒಳಗೆ ಫೋಟೋ ತೆಗೆಯುತ್ತಿದ್ದ ಮಹಿಳೆ ತಲೆ ಎತ್ತದೆ, “ಇವರು ನಿಮಗೇನಾಗಬೇಕು ಮೇಡಂ?” ಎಂದರು. ಮಾಜಿ ಪತಿ ಎಂದರೆ ಚುನಾವಣೆಯಲ್ಲಿ ಸೋತವರಂತೆ ಕೇಳುತ್ತದೆ. ನಾನು ತಡವರಿಸುತ್ತಿದ್ದಾಗ ಪಕ್ಕದಲ್ಲಿ ನಿಂತಿದ್ದ ಅವರೇ, “ಗೊತ್ತಿರೋರು” ಎಂದರು.

ಮಧ್ಯಾಹ್ನದ ಪಾಠಕ್ಕೆಂದು ಮಳವಳ್ಳಿಯ ಬಸ್ಸಿನಲ್ಲಿ ಕೂತು ಆ ಪದದಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಫೋನು ತೆಗೆದೆ. ಗೊತ್ತಿರುವವರಿಗೆ ಮಂಡ್ಯದ ಬಸ್ಸು ಸಿಕ್ಕಿತೋ ಇಲ್ಲವೋ, ಅಷ್ಟನ್ನಾದರೂ ವಿಚಾರಿಸದಿದ್ದರೆ ಹೇಗೆ?