ಹನ್ನೊಂದು ಕ್ಲಾರಿನೆಟ್‌ಗಳ ಉಸಿರು

...ಇಲ್ಲ, ಅದು ಡಲ್ಲಾಸಿಗೆ ಹೋಗುವಾಗ ಆದದ್ದಲ್ಲ, ಹ್ಯೂಸ್ಟನ್ನಿಂದ ವಾಪಸು ಬರುವಾಗ ಇರಬೇಕು. ನನ್ನ ನೆನಪು ನಾನು ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತದೆ, ಅದಕ್ಕೇ ಅದನ್ನು ನಂಬುವುದಿಲ್ಲ. ಗ್ಯಾಸ್ ಸ್ಟೇಷನ್ನಿನಲ್ಲಿ ನಿಂತ ಕಾರಿನ ಹಿಂದಿನ ಸೀಟಿನಲ್ಲಿ ಮಗಳು ಅನಘಾ ಕ್ಲಾರಿನೆಟ್ ಊದಿ ಊದಿ ಕೆಂಪಾಗಿದ್ದಳು ಎಂಬುದೊಂದು ಖಚಿತ. ಹೆಂಡತಿ ಸುಮಾಳ ಪ್ರಕಾರ ಅದೂ ಸುಳ್ಳು, ಕೆಂಪಾಗಿದ್ದವನು ನಾನು.

ಟೆಕ್ಸಾಸಿನ ಟೇಲರ್ ಎಂಬ ಊರಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯವನಿಗೆ ಕ್ಲಾರಿನೆಟ್ಟಿನ, ಅದೂ ಸ್ಪೇನಿನ ಕ್ಲಾರಿನೆಟ್ಟಿನ ಉಸಾಬರಿ ಏಕೆ ಅನ್ನುತ್ತೀರಾ? ನನ್ನ ಪಕ್ಕದ ಟೇಬಲ್ಲಿನ ಸಹೋದ್ಯೋಗಿ ಅಲ್ಲಿನ ಒಂದು ಸಣ್ಣ ಊರಿನವನು. ಆ ಕಡೆ ಊರಿಗೊಂದು ಬ್ಯಾಂಡು. ಬೇಕರಿಯವನು, ಟೀಚರು, ಅಜ್ಜ, ಮೊಮ್ಮಗಳು, ಎಲ್ಲರೂ ಊದುವವರೇ. ಪಿಟೀಲು ಇಲ್ಲ, ಆದರೆ ಆರ್ಕೆಸ್ಟ್ರಾ ಸಂಗೀತದ ಮೇಲಿನ ಆಸೆ ಬಿಟ್ಟಿಲ್ಲ. ಪಿಟೀಲಿನ ಪಾಲನ್ನು ಕ್ಲಾರಿನೆಟ್‌ಗಳಿಗೆ ಹಂಚಿ ಯಾರಾದರೂ ಬರೆದುಕೊಡಬೇಕು. ಮೈಸೂರಿನಲ್ಲಿ ಪಿಟೀಲು ಕಲಿತು, ಆಸ್ಟಿನ್ನಿನ ಹವ್ಯಾಸಿ ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ ಕುಯ್ಯುವ ನಾನು, ಊಟದ ಹೊತ್ತಿನಲ್ಲಿ ಬಾಯಿ ತಪ್ಪಿ "ನಾನು ಬರೀತೀನಿ" ಅಂದುಬಿಟ್ಟೆ. ಸಾಲದ್ದಕ್ಕೆ, ನಾವಿರುವ ರೌಂಡ್ ರಾಕಿನ ಕನ್ನಡದವರಿಗೆಲ್ಲ ಸ್ಪೇನಿನ ಆ ಊರಹಬ್ಬದಲ್ಲಿ ನನ್ನ ಬರಹ ಮೊಳಗಲಿದೆ ಎಂದು ಸಾರಿಯೂ ಆಗಿತ್ತು.

ಪಿಟೀಲಿನವರು ಆರಾಮಾಗಿ ಉಸಿರಾಡುತ್ತಲೇ ನುಡಿಸುತ್ತಾರೆ. ಅವರ ಇಪ್ಪತ್ತನಾಲ್ಕು ಆವರ್ತದ ನಿಧಾನದ ಸಾಲೊಂದನ್ನು ನಾನು ಹಾಗೇ ಆ ಬ್ಯಾಂಡಿನ ಹನ್ನೊಂದು ಕ್ಲಾರಿನೆಟ್‌ಗಳಿಗೆ ಇಳಿಸಿದ್ದೆ. ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವ ಅನಘಾಳ ಕೈಗೆ ಆ ಹಾಳೆ ಕೊಟ್ಟದ್ದು ಅವತ್ತೇ, ಆ ಕಾರಿನಲ್ಲೇ.

"ಅಪ್ಪಾ, ವೇರ್ ಡು ಐ ಬ್ರೀದ್?"

"ಕೊನೇಲಿ, ಕಂದಾ."

"ಐ'ಲ್ ಬಿ ಡೆಡ್ ಬೈ ದೆನ್!"

"ಮಗು ಪ್ರಾಣ ತೆಗೀಬೇಡಿ," ಅಂದಳು ಸುಮಾ, ಚಿಪ್ಸ್ ಪೊಟ್ಟಣದಿಂದ ತಲೆಯೆತ್ತದೆ.

ನಾನು ಇಂಜಿನಿಯರು. ಚಿಪ್ ಒಳಗೆ ಎಲ್ಲವೂ ಒಂದೇ ಗಡಿಯಾರಕ್ಕೆ ಮಿಡಿಯಬೇಕು. ಹನ್ನೊಂದು ಜನಕ್ಕೂ ಒಂದೇ ಜಾಗದಲ್ಲಿ, ನಾಲ್ಕು ಆವರ್ತಕ್ಕೊಂದು ಉಸಿರಿನ ಗುರುತು ಹಾಕಿ ಸ್ಪೇನಿಗೆ ಕಳಿಸಿದೆ. ಅಲ್ಲಿನ ಬ್ಯಾಂಡ್ ಮೇಷ್ಟ್ರಿಂದ ಸಹೋದ್ಯೋಗಿಯ ಮೂಲಕ ಉತ್ತರ ಬಂತು: "ನಾಲ್ಕು ಆವರ್ತಕ್ಕೊಮ್ಮೆ ಇಡೀ ಬ್ಯಾಂಡೇ ಸತ್ತು ಹುಟ್ಟುತ್ತಿದೆ. ಶನಿವಾರದೊಳಗೆ ಸರಿಯಾಗದಿದ್ದರೆ ಹಬ್ಬಕ್ಕೆ ಹಳೇ ಮಾರ್ಚೇ ಗತಿ."

"ಜಸ್ಟ್ ಇರೇಸ್ ದೆಮ್, ಅಪ್ಪಾ," ಅಂದಳು ಅನಘಾ. "ಪಕ್ಕದವರು ಬ್ರೀದ್ ಮಾಡುವಾಗ ನಾವು ಮಾಡಲ್ಲ. ದಟ್ಸ್ ಆಲ್."

"ಪಕ್ಕದವರು ಯಾವಾಗ ಮಾಡ್ತಾರೆ ಅಂತ ಹೇಗೆ ಗೊತ್ತಾಗುತ್ತೆ?"

"ಯು ಜಸ್ಟ್ ನೋ."

ಈ ಉತ್ತರದಿಂದ ಚಿಪ್ ತಯಾರಾಗುವುದಿಲ್ಲ. ಗುರುತುಗಳನ್ನು ಅಳಿಸಿದೆ, ನಿಜ. ಆದರೆ ಯಾರ ಉಸಿರೂ ಇನ್ನೊಬ್ಬರ ಉಸಿರಿನ ಮೇಲೆ ಬೀಳದ ಹಾಗೆ, ಹನ್ನೊಂದು ಜನಕ್ಕೆ ಹನ್ನೊಂದು ಬಣ್ಣದ ಪಟ್ಟಿಯೊಂದನ್ನು ಮಾಡಿ ಜೊತೆಗೆ ಲಗತ್ತಿಸಿದೆ.

ಹಬ್ಬದ ವಿಡಿಯೊ ಬಂತು. ಚರ್ಚಿನ ಮುಂದಿನ ಚೌಕ, ಬಿಸಿಲು, ಅಡ್ಡಾಡುವ ಒಂದು ನಾಯಿ. ಆ ಸಾಲು ಎಲ್ಲೂ ತುಂಡಾಗದೆ ಹರಿಯಿತು. ನನ್ನ ಕಣ್ಣು ಒದ್ದೆಯಾಯಿತು. "ನೋಡಿದ್ಯಾ ನನ್ನ ಪಟ್ಟೀನ?" ಅಂದೆ. ಅನಘಾ ವಿಡಿಯೊ ಹಿಂದಕ್ಕೆ ಎಳೆದು, ಮುಂದಿನ ಸಾಲಿನ ಕೊನೆಯ ಕುರ್ಚಿಯ ಬಿಳಿಗೂದಲಿನ ಅಜ್ಜನನ್ನು ತೋರಿಸಿದಳು. ನನ್ನ ಪಟ್ಟಿಯಲ್ಲಿ ಅವನ ಉಸಿರು ಒಂಬತ್ತನೆಯ ಆವರ್ತದಲ್ಲಿ. ಅವನು ಏಳರಲ್ಲೇ ತೆಗೆದುಕೊಂಡಿದ್ದ, ಪಕ್ಕದ ಹುಡುಗಿಯತ್ತ ನೋಡದೆಯೇ.

ಮೇಷ್ಟ್ರಿಗೆ ಪಟ್ಟಿಯ ಬಗ್ಗೆ ನೇರವಾಗಿ ಕೇಳಿ ಬರೆದೆ. ಉತ್ತರವಾಗಿ ಮೇಲೆತ್ತಿದ ಹೆಬ್ಬೆರಳಿನ ಇಮೋಜಿಯೊಂದು ಬಂತು, ಅಷ್ಟೇ. ಆ ಪಟ್ಟಿಯನ್ನು ಅಲ್ಲಿ ಯಾರಾದರೂ ತೆರೆದರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.