ನನ್ನ ಪಾದ, ಕೂಸಿನ ಕುತ್ತಿಗೆ

ಮನುಷ್ಯನಾದವನು ತಲೆ ಮುಂದೆ ಮಾಡಿಕೊಂಡು ಲೋಕಕ್ಕೆ ಬರಬೇಕು. ಹಾಗೆ ಬಂದವರಿಗೆ ಮುಂದೆ ತಲೆಯಿಂದ ಬದುಕುವ ಅವಕಾಶವಾದರೂ ಇರುತ್ತದೆ. ನಾನು ಮುಳಗುಂದದ ನಮ್ಮ ಮನೆಯಲ್ಲಿ ಕಾಲು ಮುಂದೆ ಮಾಡಿ ಹುಟ್ಟಿದೆ. ಹಾಗೆ ಹುಟ್ಟಿದವರ ಪಾದ ತಗುಲಿದರೆ ಬೆನ್ನು, ಸೊಂಟ, ಕುತ್ತಿಗೆಯ ಚಳುಕು ಬಿಡುತ್ತದೆಂದು ನಮ್ಮ ಕಡೆಯವರ ನಂಬಿಕೆ. ಹೀಗಾಗಿ ಗದಗಿನ ಹತ್ತಿ ಅಂಗಡಿಯಲ್ಲಿ ಗುಮಾಸ್ತನಾದ ಮೇಲೂ ನನ್ನ ಅಕ್ಷರಕ್ಕಿಂತ ಪಾದಕ್ಕೇ ಬೆಲೆ ಹೆಚ್ಚು. ಬೆಟಗೇರಿಯ ನಮ್ಮ ಬಾಡಿಗೆ ಮನೆಯ ಕಟ್ಟೆಯ ಮೇಲೆ, ಮಗ್ಗದ ಮುಂದೆ ಕೂತು ಕೂತು ಸೊಂಟ ಹಿಡಿದ ನೇಕಾರರು ಬೆಳಗಾದರೆ ಬೋರಲು ಮಲಗಿರುತ್ತಾರೆ. ನಾನು ಹಲ್ಲುಜ್ಜುತ್ತ ಒಬ್ಬೊಬ್ಬರನ್ನೇ ಪಾದದಿಂದ ಮುಟ್ಟಿ ಮುಂದೆ ಹೋಗುತ್ತೇನೆ. ಒಮ್ಮೆ ನಮ್ಮ ಸಾಹುಕಾರರೇ ಗಾದಿಯ ಮೇಲೆ ಬೋರಲಾಗಿ, “ಜೋರಾಗೇ ಒದಿಯಪಾ, ಸಂಕೋಚ ಮಾಡಬ್ಯಾಡ” ಎಂದರು. ಸಾಹುಕಾರರನ್ನು ಅವರದೇ ಅಪ್ಪಣೆಯ ಮೇರೆಗೆ ಒದೆಯುವ ಯೋಗ ಎಷ್ಟು ಗುಮಾಸ್ತರಿಗುಂಟು? ನಾನು ದಿನಚರಿ ಬರೆಯುವವನು. ಆ ದಿನದ ಸಾಲಿನ ಕೆಳಗೆ ಸ್ಕೇಲು ಹಿಡಿದು ಗೆರೆ ಎಳೆದಿದ್ದೇನೆ.

ಕನ್ನಡ ನಾಡು ಒಂದಾದ ವರ್ಷ ನಮಗೆ ಹೆಣ್ಣು ಕೂಸು ಹುಟ್ಟಿತು. ಅದು ತಲೆ ಮುಂದೆ ಮಾಡಿಯೇ ಬಂದಿತು. ಆದರೆ ಎಡಕ್ಕೆ ತಿರುಗಿದ ಆ ತಲೆ ಬಲಕ್ಕೆ ಬರಲೊಲ್ಲದು. ಹಾಸಿಗೆಯಲ್ಲಿ ಅದರ ಎಡಕ್ಕೆ ಹೆಂಡತಿ ಗಿರಿಜಾ, ಬಲಕ್ಕೆ ನಾನು. ಗಿಲಕಿ ಆಡಿಸಿದೆ, ಸೀಟಿ ಹೊಡೆದೆ, ಬೆಕ್ಕಿನಂತೆ ಕೂಗಿದೆ. ನನಗೆ ದರ್ಶನ ಕೊಟ್ಟದ್ದು ಮಗಳ ಬಲಗಿವಿ ಮಾತ್ರ. ಎಡಕ್ಕೇ ಹೋಗಿ ಕೂಡಬಹುದಿತ್ತು, ನಿಜ. ಆ ಜಾಗವನ್ನು ಗಿರಿಜಾ, ಅವಳ ತಾಯಿ, ನನ್ನ ಅವ್ವ ಮೂವರೂ ಹಂಚಿಕೊಂಡಿದ್ದರು. ದಿನಚರಿಯ ಪುಟದಲ್ಲಿ ಎಡ, ಬಲ ಎಂದು ಎರಡು ಭಾಗ ಮಾಡಿ, ಕೂಸು ನೋಡಿದಾಗೊಮ್ಮೆ ಗೀಟು ಹಾಕತೊಡಗಿದೆ. ಎಡಭಾಗ ಗೀಟುಗಳಿಂದ ಕಪ್ಪಾಯಿತು. ಬಲಭಾಗ ಸುಮ್ಮನೆ ಹಾಳಾಗುತ್ತದೆಂದು ಗಿರಿಜಾ ಅಲ್ಲಿ ಕಿರಾಣಿ ಸಾಮಾನು ಬರೆದಿಟ್ಟಳು. ಡಾಕ್ಟರರು ನೋಡಿ, ಎಲುಬಿಗೆ ಏನೂ ಆಗಿಲ್ಲ, ದಿನಾಲು ಮೆಲ್ಲಗೆ ತಿರುಗಿಸುತ್ತಿದ್ದರೆ ಸರಿಹೋಗುತ್ತದೆ ಎಂದರು. ಬಾಟಲಿ ತುಂಬ ಔಷಧ ಕೊಡದ ಡಾಕ್ಟರರನ್ನು ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ.

ಮನೆಯಲ್ಲೇ ಇಂಥ ಪಾದ ಇರುವಾಗ ಊರೆಲ್ಲ ಯಾಕೆ ತಿರುಗಬೇಕೆಂದು ಅವ್ವ ಕೇಳಿದಳು. ಬಾಣಂತನಕ್ಕೆ ಲಕ್ಷ್ಮೇಶ್ವರದಿಂದ ಬಂದಿದ್ದ ಅತ್ತೆ ಕೂಸನ್ನು ಸೆರಗಿನೊಳಗೆ ಎಳೆದುಕೊಂಡರು. “ಹೆಣ್ಣಕೂಸು ಅಂದ್ರ ಲಕ್ಷ್ಮಿ. ಲಕ್ಷ್ಮಿಗೆ ಕಾಲು ಹಚ್ಚೂದು ನಮ್ಮ ಸಂಸ್ಥಾನದಾಗ ಇಲ್ಲ” ಎಂದರು. ಲಕ್ಷ್ಮೇಶ್ವರವನ್ನು ಆಳುತ್ತಿದ್ದ ಸಂಸ್ಥಾನ ಹೋಗಿ ವರ್ಷಗಳಾಗಿದ್ದವು. ಅತ್ತೆಯವರಿಗೆ ಖಬರು ಮುಟ್ಟಿರಲಿಲ್ಲ. “ನಿಮ್ಮ ಸಂಸ್ಥಾನದಾಗ ಕುತ್ತಿಗಿ ಸೊಟ್ಟ ಇದ್ರ ನಡೀತಿತ್ತೇನ್ರಿ, ಬೀಗತಿ?” ಎಂದು ಅವ್ವ ಬಹಳ ಮರ್ಯಾದೆಯಿಂದ ಕೇಳಿದಳು. ಮುಂಬಯಿ, ಹೈದರಾಬಾದು, ಮೈಸೂರು ಕಡೆಯ ಕನ್ನಡಿಗರೆಲ್ಲ ಒಂದಾದ ಆ ವಾರ ನಮ್ಮ ಅಡುಗೆಮನೆಯಲ್ಲಿ ಎರಡು ಒಲೆ ಹೊತ್ತಿದವು.

ಕಡೆಗೆ ದಾರಿ ಹುಡುಕಿದವಳು ಗಿರಿಜಾ. “ಇವರ ಕಾಲು ಕೂಸಿಗೆ ಹಚ್ಚಬಾರದು, ಆತು. ಕೂಸೇ ಹೋಗಿ ಇವರ ಕಾಲಿಗೆ ಮುಟ್ಟಿದ್ರ? ಅಪ್ಪಗ ನಮಸ್ಕಾರ ಮಾಡಿದಂಗ ಆಗತೈತಿ.” ಈ ಮಾತಿನಲ್ಲಿ ತಪ್ಪು ಹುಡುಕಲು ಇಬ್ಬರು ಅಜ್ಜಿಯರೂ ಒಂದು ದಿನ ತೆಗೆದುಕೊಂಡು ಸೋತರು.

ಸೋಮವಾರ ಬೆಳಗ್ಗೆ ನಾನು ಚಾಪೆಯ ಮೇಲೆ ಅಂಗಾತ ಮಲಗಿ ಬಲಗಾಲನ್ನು ರೈಲ್ವೆ ಸಿಗ್ನಲ್ಲಿನಂತೆ ಎತ್ತಿದೆ. ಕಾಲು ಅಲುಗಿದರೆ ಒದೆ, ಅಲುಗದಿದ್ದರೆ ಔಷಧ ಎಂಬುದು ಅತ್ತೆಯ ಕಾನೂನು. ಕಟ್ಟೆಯ ಮೇಲಿನ ನೇಕಾರರು ತಮ್ಮ ಸೊಂಟ ಮರೆತು ಬಾಗಿಲಿಗೆ ಬಂದು ನಿಂತರು. ಅತ್ತೆ ಕೂಸನ್ನು ಎತ್ತಿ ನನ್ನ ಪಾದದ ಹತ್ತಿರಕ್ಕೆ ತಂದವರು ಹಾಗೇ ನಿಂತು, ರಾಹುಕಾಲ ಮುಗಿಯಿತೇ ಎಂದು ಕೇಳಿದರು. ಮುಗಿದಿರಲಿಲ್ಲ. ಕಾಲು ಇಳಿಸಲೇ ಎಂದು ಕೇಳಿದೆ. ಒಮ್ಮೆ ಎತ್ತಿದ್ದನ್ನು ಇಳಿಸಬಾರದೆಂದು ಅವ್ವ, ಅತ್ತೆ ಮೊದಲ ಸಲ ಒಂದೇ ದನಿಯಲ್ಲಿ ಹೇಳಿದರು. ಕಾಲು ಮರದ ಕೊರಡಾಯಿತು, ಆಮೇಲೆ ಯಾರದೋ ಕಾಲಾಯಿತು. ಅಂತೂ ಕೂಸಿನ ಹಿಂಗುತ್ತಿಗೆ ನನ್ನ ಹೆಬ್ಬೆರಳಿಗೆ ತಾಗಿತು. ಅದೇ ಕ್ಷಣ ನನ್ನ ಸೊಂಟದಲ್ಲಿ ಏನೋ ಕಟಕ್ಕೆಂದಿತು. ನಾನು ಅರಚಿದೆ.

ಅಂಥ ಸ್ವರವನ್ನು ಕೂಸು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇದ್ಯಾವ ಪ್ರಾಣಿಯೆಂದು ನೋಡಲು ಥಟ್ಟನೆ ಬಲಕ್ಕೆ ತಿರುಗಿತು. ಅಜ್ಜಿಯರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರು. ನೇಕಾರರು ನನ್ನ ಪಾದಕ್ಕೆ ಕೈಮುಗಿದರು. ಆ ಪಾದದ ಇನ್ನೊಂದು ತುದಿಗೆ ನಾನಿದ್ದೇನೆಂಬುದು ಸ್ವಲ್ಪ ಹೊತ್ತಿನ ಮೇಲೆ ಗಿರಿಜಾಳಿಗೆ ನೆನಪಾಯಿತು.

ಈಗ ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೇನೆ. ಬೇರೆ ಯಾವ ಕಡೆಗೂ ಹೊರಳಲು ಬರುವುದಿಲ್ಲ. ನನ್ನ ಪಾದವನ್ನು ನನ್ನ ಸೊಂಟಕ್ಕೇ ಮುಟ್ಟಿಸಬಹುದೇ ಎಂದು ನೇಕಾರರು ಚರ್ಚಿಸಿದರು. ಒಬ್ಬರು ಕಾಲು ಮಡಚಿಯೂ ನೋಡಿದರು. ಕೊರ್ಲಹಳ್ಳಿಯಲ್ಲಿ ನನ್ನ ಹಾಗೆಯೇ ಹುಟ್ಟಿದ ಅಂಬಿಗನೊಬ್ಬನಿದ್ದಾನಂತೆ. ಹೊಳೆಯಲ್ಲಿ ನೀರಿಳಿದರೆ ಮುಂಡರಗಿ ಬಸ್ಸು ಹಿಡಿದು ಬರುತ್ತಾನಂತೆ. ಅಲ್ಲಿಯವರೆಗೆ ಕೂಸನ್ನು ನನ್ನ ಬೆನ್ನ ಹಿಂದೆ ಮಲಗಿಸುತ್ತಾರೆ.

“ನೋಡ್ರಿ, ನಿಮ್ಮ ಕಡೇನ ತಿರುಗೈತಿ. ನಗಾಕತ್ತೈತಿ” ಎನ್ನುತ್ತಾಳೆ ಗಿರಿಜಾ.

ಗೋಡೆ ನೋಡಿ ನಾನೂ ನಗುತ್ತೇನೆ. ಮಗಳಿಗೆ ಕಾಣುವುದು ನನ್ನ ಎಡಗಿವಿ ಮಾತ್ರ.